ಎಡೆಗೆ ಮೊದಲು ಒಂದು ಸೌಟು ಸಾರು

ಕುಕನೂರು
೧೮ ನವೆಂಬರ್ ೨೦೨೪

ಪ್ರೀತಿಯ ತಂಗಿ ಪಾರ್ವತೆಮ್ಮನಿಗೆ,

ನಿನ್ನ ಅಕ್ಕ ಶರಣಬಸಮ್ಮನ ಆಶೀರ್ವಾದ. ಇಲ್ಲಿ ಎಲ್ಲರೂ ಆರಾಮ ಇದ್ದೇವೆ, ನನ್ನ ಮೂಗೊಂದನ್ನು ಬಿಟ್ಟು. ಅದು ಇದ್ದ ಜಾಗದಲ್ಲಿಯೇ ಇದೆ, ಮೂಗುಬೊಟ್ಟನ್ನೂ ಹೊತ್ತುಕೊಂಡಿದೆ, ಕೆಲಸ ಮಾತ್ರ ಮಾಡುತ್ತಿಲ್ಲ.

ನಿನ್ನೆ ನೀನು ಫೋನಿನಲ್ಲಿ ಹೇಳಿದ್ದಕ್ಕೆ ಕಾಗದದಲ್ಲಿ ಉತ್ತರ ಬರೆಯುತ್ತಿದ್ದೇನೆ. ಫೋನು ಬಂದ ಕೂಡಲೇ ಸ್ಪೀಕರ್ ಹಾಕಿ, ಎಮ್ಮೆ ಕಾಯುವವನಿಗೂ ಕೇಳುವ ಹಾಗೆ ನಡುಮನೆಯಲ್ಲಿ ಇಡುವುದು ನಿಮ್ಮ ಮನೆಯ ಪದ್ಧತಿ. ಅದಕ್ಕೇ ಈ ಕಾಗದ. "ಅಕ್ಕಾ, ಹೊಸ ಮನಿ ಪೂಜಿಗಿ ಬಾ. ಆದ್ರ ಅಡಗಿಮನಿ ಕಡಿ ಬರಬ್ಯಾಡ. ಹೊರಗ ಕುರ್ಚಿ ಹಾಕಸ್ತೀನಿ, ಆರಾಮ ಕುಂದ್ರು" ಎಂದೆಯಲ್ಲ, ಆ ಕುರ್ಚಿಯ ಮೇಲೆ ನಿನ್ನ ಗಂಡನನ್ನು ಕೂರಿಸು, ಅವರಿಗೆ ಅಭ್ಯಾಸವಿದೆ. ನಾನು ಶ್ರೀರಾಮನಗರಕ್ಕೂ ಬರುತ್ತೇನೆ, ನಿನ್ನ ಅಡುಗೆಮನೆಗೂ ಬರುತ್ತೇನೆ.

ನಮ್ಮ ಪಕ್ಕದ ಮನೆಯ ಯಂಕವ್ವ ನಿನಗೆ ಫೋನು ಮಾಡಿ ತನ್ನ ವರದಿ ಒಪ್ಪಿಸಿದ್ದಾಳೆಂದು ಗೊತ್ತು. ಈಗ ಆರೋಪಿಯ ಹೇಳಿಕೆಯನ್ನೂ ಕೇಳು.

ನಮ್ಮ ಓಣಿಯಲ್ಲಿ ದೇವರಿಗೆ ಎಡೆ ಹಿಡಿಯುವವರೆಗೆ ಅಡುಗೆಯನ್ನು ಯಾರೂ ಬಾಯಿಗೆ ಹಾಕುವಂತಿಲ್ಲ. ಹಾಕಿದರೆ ಎಂಜಲು. ಆದರೆ ಉಪ್ಪು ನೋಡಬೇಕಲ್ಲ? ಮೂಸುವುದು ಎಂಜಲಲ್ಲ ಎಂದು ನಮ್ಮ ಅತ್ತೆ ಬದುಕಿದ್ದಾಗಲೇ ತೀರ್ಪು ಕೊಟ್ಟಿದ್ದರು. ಅವರ ನಂತರ ಆ ಹುದ್ದೆ ನನಗೆ ಬಂತು. ಯಾರ ಮನೆಯಲ್ಲಿ ಎಡೆಯಿದ್ದರೂ ನನ್ನನ್ನು ಕರೆಯುತ್ತಿದ್ದರು. ನಾನು ಸೆರಗು ಸುತ್ತಿಕೊಂಡು ಪಾತ್ರೆಯ ಮೇಲೆ ಬಗ್ಗಿ, ಹಬೆ ಎಳೆದುಕೊಂಡು, "ಸ್ವಲ್ಪ ಹಾಕ್ರಿ" ಅಥವಾ "ಸಾಕು" ಎನ್ನುತ್ತಿದ್ದೆ. ತಹಶೀಲ್ದಾರರ ಸಹಿಗೂ ಅಷ್ಟು ಬೆಲೆ ಇರಲಿಲ್ಲ ಬಿಡು.

ಈ ಮಳೆಗಾಲದಲ್ಲಿ ಒಂದು ನೆಗಡಿ ಬಂತು. ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಯಿತು. ಮೊದಮೊದಲು ಲಾಭವೇ ಎನಿಸಿತು. ನಮ್ಮ ಯಜಮಾನರು ಹೊಲದಿಂದ ಬಂದು ಬೆವರಿನ ಬನಿಯನ್ ಬಾಗಿಲಿಗೆ ನೇತುಹಾಕಿದರೂ ಮನೆಯಲ್ಲಿ ಶಾಂತಿ ನೆಲೆಸಿತ್ತು. ಆಮೇಲೆ ಒಂದು ದಿನ ಮೊಮ್ಮಗಳಿಗೆ ಎಣ್ಣೆ ಹಚ್ಚಿ, ನೀರು ಹಾಕಿ, ಲೋಬಾನದ ಹೊಗೆ ಕೊಟ್ಟು, ಎತ್ತಿಕೊಂಡು ನೆತ್ತಿ ಮೂಸಿದೆ. ಗೋಡೆ ಮೂಸಿದ ಹಾಗಾಯಿತು. ಬಚ್ಚಲಲ್ಲಿ ಕುಳಿತು ಅತ್ತುಬಿಟ್ಟೆ. ಕೇಳಿದವರಿಗೆ ಉಳ್ಳಾಗಡ್ಡಿ ಹೆಚ್ಚಿದೆ ಎಂದೆ. ಬಚ್ಚಲಲ್ಲಿ ಯಾರು ಉಳ್ಳಾಗಡ್ಡಿ ಹೆಚ್ಚುತ್ತಾರೆಂದು ಒಬ್ಬರೂ ಕೇಳಲಿಲ್ಲ.

ಇನ್ನೊಂದು ಮುಂಜಾನೆ ಚಹಾ ಇಡಲು ಕಡ್ಡಿ ಗೀರುವಷ್ಟರಲ್ಲಿ ಸೊಸೆ ರಂಜಿತಾ ಓಡಿಬಂದು ಕೈ ಹಿಡಿದಳು. "ಅತ್ತೀ, ಗೀರಬ್ಯಾಡ್ರಿ! ಮನಿ ತುಂಬ ಗ್ಯಾಸ್ ವಾಸನಿ ಐತಿ, ನಿಮಗ ಬರವಲ್ದೇನ್ರಿ?" ಕೂಸು ಪಕ್ಕದ ಕೋಣೆಯಲ್ಲೇ ಮಲಗಿತ್ತು. ಕಡ್ಡಿಪೆಟ್ಟಿಗೆಯನ್ನು ಅವಳ ಕೈಗೇ ಕೊಟ್ಟೆ.

ಅವತ್ತೇ ರಂಜಿತಾ ನನ್ನನ್ನು ಕೊಪ್ಪಳಕ್ಕೆ ಎಳೆದುಕೊಂಡು ಹೋದಳು. ಮೂಗಿನ ಡಾಕ್ಟರ್ ಇರ್ಫಾನಾ ಮೊದಲು ಬೈದರು: "ಕಣ್ಣು ಮಂಜಾದ್ರ ಓಡಿ ಬರ್ತೀರಿ, ಕಿವಿ ಕೇಳದಿದ್ರ ಓಡಿ ಬರ್ತೀರಿ. ಮೂಗು ಹೋದ್ರ ಮಾತ್ರ ಮನ್ಯಾಗ ಮುಚ್ಚಿ ಇಟ್ಕೋತೀರಿ, ಯಾಕ್ರಿ ಅಮ್ಮಾ?" ನೆಗಡಿ, ಜ್ವರದ ನಂತರ ಹೀಗೆ ಆಗುವುದುಂಟಂತೆ. ಎಷ್ಟೋ ಜನರಿಗೆ ನಿಧಾನವಾಗಿ ಮರಳುತ್ತದೆ, ಕೆಲವರಿಗೆ ಮರಳುವುದಿಲ್ಲ. ದಿನಾ ಮುಂಜಾನೆ, ಸಂಜೆ ಲವಂಗ, ನಿಂಬೆಸಿಪ್ಪೆ ಮುಂತಾದವನ್ನು ಮೂಸಿ, ಅವುಗಳ ವಾಸನೆ ಹೇಗಿತ್ತೆಂದು ನೆನೆಸಿಕೊಳ್ಳುತ್ತಾ ಮೂಗಿಗೆ ಮತ್ತೆ ಪಾಠ ಹೇಳಬೇಕು. ಉಪ್ಪು, ಹುಳಿ, ಸಿಹಿ, ಕಹಿ ನಾಲಗೆಯ ಇಲಾಖೆಗೆ ಸೇರಿದವು, ನನ್ನಲ್ಲಿ ಆ ಇಲಾಖೆಗೆ ರಜೆಯಿಲ್ಲ. ಈ ಕೊನೆಯ ಮಾತನ್ನು ನಾನು ಗಟ್ಟಿಯಾಗಿ ಸೆರಗಿಗೆ ಕಟ್ಟಿಕೊಂಡು ಬಂದೆ.

ಯಜಮಾನರು ಮಾತ್ರ ಊರ ಮುಂದೆ ಮಾನದ ಲೆಕ್ಕ ಹಾಕುತ್ತಾ ಕುಳಿತರು. "ಯಾರ ಮುಂದೂ ಬಾಯಿ ಬಿಡಬ್ಯಾಡ. ಕೂಸಿನ ತೊಟ್ಟಿಲ ದಿನ ಸುಮ್ನ ಬಗ್ಗು, ಮೂಸಿದಂಗ ಮಾಡು, ತಲಿ ಆಡಿಸು. ಮುಗೀತು."

"ಮಾನ ಮೂಗಿನಾಗ ಇಟ್ಟಿದ್ರೇನ್ರಿ?" ಎಂದೆ. ಅವರು ಎದ್ದು ಎತ್ತಿಗೆ ನೀರು ಕುಡಿಸಲು ಹೋದರು. ಎತ್ತು ಆಗಲೇ ಕುಡಿದಿತ್ತು.

ತೊಟ್ಟಿಲ ದಿನ ಬಂತು. ಓಣಿಯೆಲ್ಲ ನಮ್ಮ ಹಿತ್ತಲಲ್ಲಿ. ಹೋಳಿಗೆ ಬೆಂದಿತ್ತು, ಕಟ್ಟಿನ ಸಾರು ಕುದಿಯುತ್ತಿತ್ತು. ಯಂಕವ್ವ ದಾರಿ ಬಿಡಿಸಿದಳು: "ಸರೀರೆವ್ವಾ, ಶರಣಮ್ಮ ಮೂಸಲಿ." ನಾನು ಬಗ್ಗಿದೆ. ಹಬೆ ಬಿಸಿ ಇತ್ತು, ಅಷ್ಟೇ. ಎಲ್ಲರೂ ನನ್ನ ತಲೆ ಆಡುವುದನ್ನೇ ಕಾಯುತ್ತಿದ್ದರು. ತಲೆ ಆಡಿಸಿದ್ದರೆ ನನ್ನ ಹುದ್ದೆ ಉಳಿಯುತ್ತಿತ್ತು, ನಾನು ಉಳಿಯುತ್ತಿರಲಿಲ್ಲ. ಸೌಟು ತೆಗೆದು, ಸಾರನ್ನು ಅಂಗೈಗೆ ಹಾಕಿಕೊಂಡು, ಉಫ್ ಎಂದು ಊದಿ, ಎಲ್ಲರ ಕಣ್ಣೆದುರೇ ನೆಕ್ಕಿದೆ.

"ಅಯ್ಯೋ, ಎಂಜಲ ಮಾಡಿದ್ಲಲ್ಲೋ ಯಪ್ಪಾ!" ಯಂಕವ್ವ ಕಿರುಚಿದ್ದು ಯಲಬುರ್ಗಾಕ್ಕೂ ಕೇಳಿಸಿರಬೇಕು.

"ನನಗ ವಾಸನಿ ಬರಂಗಿಲ್ಲ ಯಂಕವ್ವಾ. ನಾಲಗಿ ಛಲೋ ಐತಿ. ಒಂದು ಹಿಡಿ ಉಪ್ಪು ಹಾಕು" ಎಂದೆ.

"ವಾಸನಿ ಬರದಾಕಿ ಎಡಿ ಅಡಗಿ ಯಾಕ ಮುಟ್ಟಬೇಕವಾ? ಆ ಕಡಿ ಕುಂದ್ರು, ನಾ ನೋಡ್ಕೋತೀನಿ."

"ಕೂಸಿನ ಅಜ್ಜಿ ನಾನು. ಕುಂದ್ರೂದಿಲ್ಲ."

ಕೊನೆಗೆ ರಾಜಿಯಾಯಿತು. ದೇವರಿಗೆಂದು ಯಂಕವ್ವ ಬೇರೆ ಗಡಿಗೆಯಲ್ಲಿ ಸಾರು ಮಾಡಿದಳು. ಸಿಟ್ಟಿನ ಕೈ ಉಪ್ಪಿನ ಡಬ್ಬಿಗೆ ಎಷ್ಟು ಸಲ ಹೋಯಿತೋ, ಅವಳಿಗೇ ನೆನಪಿಲ್ಲ. ರುಚಿ ನೋಡುವಂತಿಲ್ಲವಲ್ಲ! ಎಡೆಯಾಯಿತು, ಪ್ರಸಾದವೆಂದು ಎಲ್ಲರಿಗೂ ಒಂದೊಂದು ಚಮಚ ಬಿತ್ತು. ಪಂಕ್ತಿಯಲ್ಲಿದ್ದವರೆಲ್ಲ ನೀರಿನ ಲೋಟಕ್ಕೆ ಕೈ ಹಾಕಿದರು. ಮರುಗಳಿಗೆ ಎಲ್ಲ ಎಲೆಗಳಿಂದಲೂ ಒಂದೇ ಕೂಗು: "ಆ ಎಂಜಲ ಸಾರು ತರ್ರಿ!" ದೇವರು ಮಾತ್ರ ಯಂಕವ್ವನ ಸಾರನ್ನೇ ಉಂಡ. ಪಾಪ, ಅವನು ಯಾರ ಮುಂದೆ ಹೇಳಿಕೊಳ್ಳಬೇಕು?

ಊಟವಾದ ಮೇಲೆ ನಾನೇ ನಿಂತು ಕೇಳಿದೆ, ಇಲ್ಲಿ ಇನ್ನೂ ಯಾರಿಗೆ ವಾಸನೆ ಬರುವುದಿಲ್ಲ ಎಂದು. ಮುದುಕಿ ಮಾರೆಮ್ಮ ಮೆಲ್ಲಗೆ ಕೈ ಎತ್ತಿದಳು: "ನನಗ ಭಾಳ ದಿನಾ ಆತವಾ. ಸೊಸಿ ಹಳಸಿದ್ದು ಹಾಕಿದ್ರೂ ತಿಳಿಯೂದಿಲ್ಲ." ಸೊಸೆಯ ಮುಖ ನೋಡಬೇಕಿತ್ತು! ಚಹಾದಂಗಡಿ ಹುಲಗಪ್ಪನೂ ಕೈ ಎತ್ತಿದ. ಅವನ ಚಹಾದ ರಹಸ್ಯ ಊರಿಗೇ ಬಯಲಾಯಿತು.

ಈಗ ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಮೊದಲು ಮೂಗಿನ ಹಾಜರಿ. ಕಣ್ಣು ಮುಚ್ಚಿಸಿ ಕಾಫಿಪುಡಿಯೋ ಓಮವೋ ಹಿಡಿಯುತ್ತೇನೆ. ತಿಳಿಯದವರನ್ನು ಡಾಕ್ಟರ್ ಕಡೆ ಅಟ್ಟುತ್ತೇನೆ, ಅವರ ಮನೆಯ ಗ್ಯಾಸನ್ನೂ ಹಾಲನ್ನೂ ಇನ್ನೊಬ್ಬರು ದಿನಾ ನೋಡಬೇಕೆಂದು ತಾಕೀತು ಮಾಡುತ್ತೇನೆ. ಯಂಕವ್ವ ಇದಕ್ಕೆ "ಮೂಗಿನ ಸಾಲಿ" ಎಂದು ಹೆಸರಿಟ್ಟು ನಗುತ್ತಾಳೆ. ತಪ್ಪದೆ ಬರುತ್ತಾಳೆ.

ಆದ್ದರಿಂದ ಪಾರೂ, ನಿನ್ನ ಹೊಸ ಮನೆಯ ಎಡೆಗೆ ನನ್ನ ಸ್ವಂತ ಚಮಚ ಹಿಡಿದು ಬರುತ್ತೇನೆ. ನಿಮ್ಮ ಬೀಗರು ಎಂಜಲು ಎನ್ನಲಿ, ಏನಾದರೂ ಎನ್ನಲಿ. ನನಗೆ ವಾಸನೆ ಬರುವುದಿಲ್ಲವೆಂದು ಹೊಸಿಲ ಮೇಲೆ ನಿಂತೇ ಹೇಳಿ ಒಳಗೆ ಬರುತ್ತೇನೆ.

ನಿನ್ನ ಹಟಮಾರಿ ಅಕ್ಕ,
ಶರಣಬಸಮ್ಮ

ತಾ.ಕ.: ಮೇಲಿನದನ್ನು ಎಲ್ಲರಿಗೂ ಓದಿ ಹೇಳು, ಇದನ್ನು ಒಬ್ಬಳೇ ಓದು. ಹೋದ ವಾರ ನೀನು ಕಳಿಸಿದ ತುಪ್ಪವನ್ನು ನಾನು ಅನ್ನಕ್ಕೆ ಕಲಸಿಕೊಂಡು ಉಣ್ಣುತ್ತಿದ್ದೆ. ರಂಜಿತಾ ಬಂದು ತಾಟು ಕಸಿದುಕೊಂಡಳು. ಕೆಟ್ಟು ಕಮಟು ಹಿಡಿದಿತ್ತಂತೆ, ಮುಚ್ಚಳ ತೆಗೆದರೇ ತಿಳಿಯುವಷ್ಟು. ನನಗೆ ತಿಳಿಯಲಿಲ್ಲ, ಸರಿ. ಡಬ್ಬಿಗೆ ತುಂಬುವಾಗ ನಿನಗೂ ತಿಳಿಯಲಿಲ್ಲ, ಅಲ್ಲವೇ ಪಾರೂ? ನನಗೆ ಉತ್ತರ ಬರೆಯಬೇಡ. ಇವತ್ತೇ ನಿನ್ನ ಗಂಡನಿಗೆ ಹೇಳು. ಅವರು ಬಂದು ಮೂಸಿ ನೋಡುವವರೆಗೆ ಒಲೆ ಹಚ್ಚಬೇಡ. ಬರುವ ಸೋಮವಾರ ಡಾಕ್ಟರ್ ಕಡೆ ಹೋಗೋಣ, ಕೊಪ್ಪಳ ಬಸ್ ನಿಲ್ದಾಣದಲ್ಲಿ ಕಾಯುತ್ತಿರುತ್ತೇನೆ.