ಹೊಂಗೆಗೆ ನೀರು ಬೇಡವಾದ ಮೇಲೆ

ಮೇ 7, 2025, ಬುಧವಾರ. ಸಂಜೆ

ಎರಡು ಬಕೆಟ್ ನೀರು ಹಾಕಿ ಬಂದೆ. ಭುಜ ಹಿಡಿದುಕೊಂಡಿದೆ. ಧಾರವಾಡದ ಆಫೀಸಿನಿಂದ ಬಸ್ಸಿನಲ್ಲಿ ನಿಂತೇ ಬಂದದ್ದು. ಆದರೂ ಮನೆಯಲ್ಲಿ ಬ್ಯಾಗ್ ಎಸೆದು, ಬಕೆಟ್ ಹಿಡಿದು, ನೇರ ಹೊಂಗೆ ಹತ್ತಿರ. ದೇಶಪಾಂಡೆ ನಗರದ ಆ ಸಣ್ಣ ಓಣಿಯಲ್ಲಿ ಅದಕ್ಕೆ ಇದು ಮೂರನೇ ಬೇಸಿಗೆ.

ಹೊಂಗೆಯ ಎದುರು ಮನೆಯ ನಜ್ಮಾ ಬಾಗಿಲ ಪಕ್ಕ ಹೊಲಿಗೆ ಮಷಿನ್ ಮುಂದೆ ಕೂತಿದ್ದರು. ಮದುವೆ ಸೀಸನ್ನು, ಫಾಲ್ ಹಚ್ಚುವ ಸೀರೆ ರಾಶಿ ಬಿದ್ದಿದೆ. ತಲೆ ಎತ್ತದೆಯೇ ಅಂದರು: "ಅಕ್ಕಾರ, ಅಕ್ಕಿ ತೊಳದ ನೀರು ಎತ್ತಿಟ್ಟೇನಿ. ಮೊದ್ಲ ಅದನ್ನ ಹಾಕ್ರಿ. ಸಾಲಲಿಲ್ಲಂದ್ರ ಟಾಕ್ಯಾಗಿಂದು ತಗೋರಿ."

"ನಳಾ ಬಂತೇನ್ರಿ ನಿಮಗ?"

"ಎಲ್ಲೀದು. ವಾರದ ಮ್ಯಾಲಾತು."

"ಹಂಗಾದ್ರ ಇವತ್ತ ಬ್ಯಾಡ ಬಿಡ್ರಿ."

"ಗಿಡಕ್ಕ ನಳದ ಪಾಳಿ ತಿಳಿತೈತೇನ್ರಿ? ತಗೋರಿ."

ಇಷ್ಟೇ ಮಾತು. ಒಳಗ ಬರ್ರಿ, ಚಾ ಕುಡೀರಿ ಅಂದರು. ಇನ್ನೊಮ್ಮೆ ಬರತೇನ್ರಿ ಅಂದೆ, ಎಂದಿನ ಹಾಗೆ. ಮನೆಗೆ ಬಂದು ಅದೇ ನಾಲ್ಕು ಮಾತನ್ನು ತಿರುವಿ ತಿರುವಿ ನೆನೆಸಿಕೊಂಡೆ. ಇಡೀ ದಿನದಲ್ಲಿ ಫೈಲಿಗೆ ಸಂಬಂಧವಿಲ್ಲದ ಮಾತು ಅವಷ್ಟೇ.

ಮೇ 11, ಭಾನುವಾರ

ಗಿಡ ನೆಡುವ ನಮ್ಮ ಬಳಗದ ಮೀಟಿಂಗ್. ಬಳಗ ನಡೆಸುವ ಗಿರಿಯಪ್ಪ ಸರ್ ಬ್ಯಾಂಕಿನಿಂದ ರಿಟೈರ್ ಆಗಿದ್ದಾರೆ, ಆದರೆ ಬ್ಯಾಂಕು ಅವರಿಂದ ರಿಟೈರ್ ಆಗಿಲ್ಲ. ನೆಟ್ಟ ಗಿಡಕ್ಕೆಲ್ಲ 'ಖಾತೆ' ಅನ್ನುತ್ತಾರೆ. ಎರಡು ಬೇಸಿಗೆ ನೀರು ಹಾಕಬೇಕು. ಮೂರನೆಯದಕ್ಕೆ ನೀರು ನಿಲ್ಲಿಸಿ, ಸುತ್ತಲಿನ ಕಬ್ಬಿಣದ ಗಾರ್ಡ್ ತೆಗೆದು, ಗಿಡವನ್ನು ಅದರ ಪಾಡಿಗೆ ಬಿಡಬೇಕು. ಗಾರ್ಡ್ ಹೊಸ ಸಸಿಗೆ ಹೋಗುತ್ತದೆ, ಸಾಕಿದವರು ಬೇರೆ ಓಣಿಗೆ ಹೋಗುತ್ತಾರೆ. ಬಳಗದ ರಿವಾಜು ಅದು.

"ಪ್ರಭಾವತಿ ಮೇಡಂ, ನಿಮ್ಮ ಹೊಂಗಿ ಖಾತೆ ಕ್ಲೋಸ್ ಮಾಡೂದಲ್ರಿ? ಅಮರಗೋಳದ ಕಡೆ ಹೊಸಾ ಸಸಿ ಹಚ್ಚೂದೈತಿ, ಗಾರ್ಡ್ ಸಾಲವಲ್ವು."

"ಎಲಿ ಹಳದಿ ಆಗ್ಯಾವ್ರಿ ಸರ್. ಇನ್ನೂ ಸ್ವಲ್ಪ ದಿನ ನೀರು ಬೇಕು."

ಬಾಯಿಗೆ ಬಂದುಬಿಟ್ಟಿತು. ಎಲೆ ಹಳದಿಯೂ ಇಲ್ಲ, ಗಿಳದಿಯೂ ಇಲ್ಲ. ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿವೆ.

"ಹೌದೇನ್ರಿ? ಒಂದು ಫೋಟೋ ಹಾಕ್ರಿ ಗ್ರೂಪಿಗೆ."

ಸಂಜೆ ಮೊಬೈಲ್ ಹುಡುಕಿ ಮೊದಲ ಬೇಸಿಗೆಯ ಫೋಟೋ ಹಾಕಿದೆ. ಕಡ್ಡಿಯಂಥ ಕಾಂಡ, ಜೋತುಬಿದ್ದ ಎಲೆ. ಯಾರೋ 'ಪಾಪ' ಅಂತ ಬರೆದರು. ಗಿರಿಯಪ್ಪ ಸರ್ ಕೈ ಮುಗಿದ ಚಿತ್ರ ಕಳಿಸಿದರು.

ಮೇ 12

ಯಾಕೆ ಸುಳ್ಳು ಹೇಳಿದೆ? ಇಲ್ಲಿಯಾದರೂ ಖರೇ ಬರೆಯೋಣ, ಓದುವವರು ಯಾರಿದ್ದಾರೆ. ಗಾರ್ಡ್ ತೆಗೆದ ಮೇಲೆ ಆ ಓಣಿಯಲ್ಲಿ ನನಗೇನು ಕೆಲಸ? ಅವ್ವ ಹೋದ ಮೇಲೆ ಈ ಊರಿನಲ್ಲಿ ನನ್ನನ್ನು ನೋಡಿ ಮಾತಾಡಿಸುವ ಬಾಗಿಲು ಅದೊಂದೇ.

ಸಸಿ ನೆಟ್ಟ ಹೊಸದರಲ್ಲಿ ಪಕ್ಕದ ದೊಡ್ಡ ಮನೆಯಲ್ಲಿ ನೀರು ಕೇಳಿದ್ದೆ. ಆ ಮನೆಯಾಕೆ ಹೆಸರು ಕೇಳಿದರು, ಅಡ್ಡಹೆಸರು ಕೇಳಿದರು. ಆಮೇಲೆ, "ಗೇಟಿನ ಹೊರಗ ನಿಲ್ರಿ, ಇಲ್ಲಿಂದನ ಪೈಪ್ ಬಿಡತೇನಿ," ಅಂದರು. ಬಕೆಟ್ ಕೆಳಗಿಟ್ಟು ನಿಂತೆ. ಮೈಯೆಲ್ಲ ಉರಿಯಿತು. ಅವ್ವನ ತವರಿನಲ್ಲಿ ನಮ್ಮವರು ಬಾವಿಯ ಕಟ್ಟೆ ಹತ್ತುವಂತಿರಲಿಲ್ಲ. ಕೊಡ ಕೆಳಗಿಟ್ಟು, ಯಾರಾದರೂ ಮೇಲಿನಿಂದ ಸುರಿಯುವತನಕ ಕಾಯಬೇಕಿತ್ತು. "ಕಲತು ನೌಕರಿ ಹಿಡಿ. ನೀರಿಗಂತ ಯಾರ ಬಾಗಲಕ್ಕೂ ನಿಂದರಬ್ಯಾಡ," ಅನ್ನುತ್ತಿದ್ದಳು. ಕಲಿತೆ. ನೌಕರಿ ಹಿಡಿದೆ. ಕೊನೆಗೆ ಒಂದು ಸಸಿಗಾಗಿ ನಿಂತೆ.

ಎದುರಿನ ಸಣ್ಣ ಮನೆಯಿಂದ ನಜ್ಮಾ ನೋಡಿದ್ದರು. ಏನೂ ಕೇಳದೆ ಬಂದು ಬಕೆಟ್ ಎತ್ತಿಕೊಂಡು ತಮ್ಮ ಅಂಗಳಕ್ಕೆ ನಡೆದರು. "ಟಾಕಿ ಇಲ್ಲೈತಿ, ತಂಬಗಿ ಇಲ್ಲೈತಿ. ನಾ ಇರಲಿ ಬಿಡಲಿ, ನಿಮ್ಮ ಕೈಲೆ ತಗೊಂಡು ಹೋಗ್ರಿ." ಅಂದಿನಿಂದ ನನ್ನ ಕೈಯಿಂದಲೇ ತುಂಬಿಕೊಳ್ಳುತ್ತೇನೆ. ಅಂಗಳ ದಾಟಿ ಒಳಗೆ ಮಾತ್ರ ಹೋಗಿಲ್ಲ. ಕೆಲಸಕ್ಕೆ ಬಂದವಳು ಕೆಲಸ ಮುಗಿಸಿ ಹೋಗಬೇಕು. ಕೆಲಸವಿಲ್ಲದೆ ಒಬ್ಬರ ಮನೆಗೆ ಹೋಗುವುದು ಹೇಗೆ ಅಂತ ನನಗೆ ಯಾರೂ ಕಲಿಸಲಿಲ್ಲ.

ಮೇ 19, ಸೋಮವಾರ

ನಜ್ಮಾ ಮನೆ ಮುಂದೆ ನೀರಿನ ಟ್ಯಾಂಕರ್ ನಿಂತಿತ್ತು. ಅವರ ಯಜಮಾನರು ಮುಕ್ತಾರ, ಅಮರಗೋಳದ ಮಾರ್ಕೆಟ್ಟಿನಲ್ಲಿ ಕೆಲಸ, ಪೈಪ್ ಹಿಡಿದು ಟಾಕಿ ತುಂಬಿಸುತ್ತಿದ್ದರು. ಮುಖ ಸಣ್ಣದಾಗಿತ್ತು. ಕೊಂಡ ನೀರು.

ತಿರುಗಿ ಹೋಗಬೇಕಿತ್ತು. ನಜ್ಮಾ ಕರೆದರು, "ಬರ್ರಿ ಅಕ್ಕಾರ, ಛಲೋ ಹೊತ್ತಿಗೆ ಬಂದ್ರಿ, ಈಗ ತುಂಬೈತಿ."

ಒಂದೇ ಬಕೆಟ್ ತೆಗೆದುಕೊಂಡೆ. ಒಂದೇ ಅಂತ ಮನಸ್ಸಿಗೆ ಸಮಾಧಾನ ಹೇಳಿದೆ. ಅದು ಒಪ್ಪಲಿಲ್ಲ. ಗಿಡದ ಬುಡದಲ್ಲಿ ನಿನ್ನೆಯ ಹಸಿಯೇ ಆರಿರಲಿಲ್ಲ. ಆದರೂ ಸುರಿದೆ... ನಜ್ಮಾ ತಮ್ಮ ಅತ್ತಿಗೆಯ ಮಗಳ ನಿಶ್ಚಯದ ಸುದ್ದಿ ಹೇಳಿದರು. ಬಕೆಟ್ ಖಾಲಿಯಾದ ಮೇಲೂ ಗಿಡದ ಹತ್ತಿರವೇ ನಿಂತು ಕೇಳಿದೆ.

ಜೂನ್ 9

ಮಳೆ ಹಿಡಿದಿದೆ. ನಿನ್ನೆಯಿಂದ ಬಿಟ್ಟಿಲ್ಲ. ಎಲ್ಲರಿಗೂ ಖುಷಿ. ಆಫೀಸಿನಲ್ಲಿ ಮಿರ್ಚಿ ಭಜಿ ತರಿಸಿದರು. ನನಗೆ ಒಳಗೊಳಗೇ ದಿಗಿಲು.

ಸಂಜೆ ಕೊಡೆ ಒಂದು ಕೈಯಲ್ಲಿ, ಬಕೆಟ್ ಇನ್ನೊಂದು ಕೈಯಲ್ಲಿ, ಹೋಗಿ ನಿಂತೆ. ನಜ್ಮಾ ಕಿಟಕಿಯಿಂದ ನೋಡಿ ಸೆರಗು ಬಾಯಿಗೆ ಹಿಡಿದು ನಕ್ಕರು. "ಮಳ್ಯಾಗ ನೀರು ಹಾಕಾಕ ಬಂದ್ರೇನ್ರಿ?"

"ಗಾರ್ಡ್ ಅಲಗ್ಯಾಡಾಕತ್ತೈತೇನು ನೋಡಿ ಹೋಗೂಣಂತ ಬಂದೆ."

"ಬಕೆಟ್ ಹಿಡಕೊಂಡು?"

ನಾನೂ ನಕ್ಕೆ. ಮನೆಗೆ ಬಂದು ಅತ್ತೆ. ನಾಚಿಕೆಗೆ.

ಜೂನ್ 13

ಹೋಗಲಿಲ್ಲ. ಆಫೀಸು, ಬಸ್ಸು, ಮನೆ. ಕಂಡಕ್ಟರ್ "ಮುಂದ ಸರೀರಿ" ಅಂದ. ಕಿರಾಣಿಯವ "ಚಿಲ್ಲರ ಕೊಡ್ರಿ" ಅಂದ. ಮನೆಗೆ ಬಂದ ಮೇಲೆ ಬಾಯಿ ಬಿಟ್ಟದ್ದು ಊಟಕ್ಕೆ ಮಾತ್ರ. ಮಳೆ.

ಜೂನ್ 22, ಭಾನುವಾರ

ಬಳಗದವರು ಅಮರಗೋಳದ ಕಡೆ ಸಸಿ ನೆಟ್ಟರು. ಗಾರ್ಡ್ ಕಡಿಮೆ ಬಿದ್ದು ಕೆಲವಕ್ಕೆ ಜಾಲಿ ಮುಳ್ಳು ಕಟ್ಟಿದರು. ಮುಳ್ಳು ತರುವವರ ಕೈಯೆಲ್ಲ ತರಚಿತ್ತು. ನಾನು ಗುದ್ದಲಿ ಹಿಡಿದು ಎಲ್ಲರಿಗಿಂತ ಜಾಸ್ತಿ ಗುಂಡಿ ತೋಡಿದೆ, ಗಿರಿಯಪ್ಪ ಸರ್ ಕಣ್ಣಿಗೆ ಬೀಳದ ಕಡೆ. ಆದರೂ ಕಣ್ಣಿಗೆ ಬಿದ್ದೆ.

"ಹೆಂಗೈತ್ರಿ ನಿಮ್ಮ ಪೇಷಂಟ್?"

"ಸುಧಾರಿಸಾಕತ್ತೈತ್ರಿ."

"ದಿನಾ ನೀರು ಕುಡಿಸಬ್ಯಾಡ್ರಿ ಮತ್ತ. ಅತಿಯಾದ್ರ ಅಮೃತಾನೂ ವಿಷ. ನೀರು ಮ್ಯಾಲೆನ ಸಿಕ್ರ ಬೇರು ಕೆಳಗ ಇಳಿಯೂದಿಲ್ಲ. ನಾಳೆ ಜೋರು ಗಾಳಿಗೆ ಬುಡಸಮೇತ ಉರುಳತೈತಿ."

ಹೂಂ ಅಂದೆ. 

ಜುಲೈ 2, ಬುಧವಾರ

ಗಾಳಿ ಜೋರು. ಹೊಂಗೆ ನೋಡಲೇಬೇಕೆನಿಸಿ ಹೋದೆ. ಬಕೆಟ್ ಇಲ್ಲದೆ, ಗಾಳಿಯ ನೆಪದಲ್ಲಿ.

ನಜ್ಮಾ ಆಗಲೇ ಗಿಡದ ಹತ್ತಿರ ನಿಂತಿದ್ದರು. "ಅಕ್ಕಾರ, ಇಲ್ಲಿ ನೋಡ್ರಿ. ಕಬ್ಬಣ ಒಳಗ ಹೊಕ್ಕೈತಿ."

ನೋಡಿದೆ. ಕಾಂಡ ದಪ್ಪಗಾಗಿ ಗಾರ್ಡಿನ ಮೇಲಿನ ಬಳೆಗೆ ಒತ್ತಿದೆ. ಒಂದು ಕಡೆ ತೊಗಟೆ ಉಬ್ಬಿ ಕಬ್ಬಿಣದ ಪಟ್ಟಿಯನ್ನು ಅರ್ಧ ನುಂಗಿದೆ. ಸುತ್ತ ಕಪ್ಪಗೆ ರಸ ಒಸರುತ್ತಿದೆ. ಗಾಳಿ ಬಂದಾಗೆಲ್ಲ ಅಲ್ಲಿಯೇ ತಿಕ್ಕುತ್ತದೆ. ಅಲ್ಲಿಯೇ ಮುರಿಯುತ್ತದೆ.

ಬೇಸಿಗೆಯಿಡೀ ದಿನಾ ಬಂದೆ. ದಿನಾ ಬುಡ ನೋಡಿದೆ, ನಜ್ಮಾ ಮುಖ ನೋಡಿದೆ. ತಲೆ ಎತ್ತಿ ಗಿಡ ನೋಡಲಿಲ್ಲ.

"ನಿಮ್ಮ ಸರ್‌ಗೆ ಹೇಳ್ರಿ ಲಗೂನ. ಪಾಪ, ಉಸಿರು ಕಟ್ಟಿರತೈತಿ ಅದಕ್ಕ."

"ಹೇಳತೇನಿ," ಅಂದೆ.

ಜುಲೈ 4

ಹೇಳಿಲ್ಲ. ಫೋನ್ ಕೈಯಲ್ಲಿ ಹಿಡಿದು ಇಟ್ಟೆ. ಅವರು ಬಂದರೆ ಗಿಡ ನೋಡುತ್ತಾರೆ. ಫೋಟೋ ಸುಳ್ಳು ಅಂತ ಗೊತ್ತಾಗುತ್ತದೆ. ಅದು ಹೋಗಲಿ. ನಜ್ಮಾಗೆ ಗೊತ್ತಾಗುತ್ತದೆ.

ಗಾಳಿ ಇನ್ನೂ ನಿಂತಿಲ್ಲ. ಇಲ್ಲಿ ಕೂತರೂ ಕಬ್ಬಿಣ ತಿಕ್ಕುವ ಸಪ್ಪಳ ಕೇಳಿದಂತಾಗುತ್ತದೆ... ಹೇಳಿಬಿಡುತ್ತೇನೆ. ಗಿಡ ಬದುಕಲಿ.

ಜುಲೈ 6, ಭಾನುವಾರ

ಗಿರಿಯಪ್ಪ ಸರ್ ವೆಲ್ಡಿಂಗ್ ಅಂಗಡಿಯವನನ್ನು ಕರೆತಂದರು. ಗಿಡದ ಸುತ್ತ ಒಂದು ಸುತ್ತು ಹಾಕಿದರು. ತುದಿ ನೋಡಲು ಕುತ್ತಿಗೆ ಹಿಂದಕ್ಕೆ ಬಾಗಿಸಬೇಕಾಯಿತು ಅವರಿಗೆ.

"ಮೇಡಂ, ಇದೇನ್ರಿ ಹಳದಿ ಎಲಿ ಗಿಡ?"

 ನಜ್ಮಾ ಮಷಿನ್ ಬಿಟ್ಟು ಬಾಗಿಲಿಗೆ ಬಂದಿದ್ದರು. ಕಬ್ಬಿಣ ಕತ್ತರಿಸುವ ಗ್ರೈಂಡರಿಗೆ ವೈರ್ ಎಳೆದು ಕರೆಂಟ್ ಕೊಟ್ಟವರೂ ಅವರೇ.

"ಮೇ ತಿಂಗಳದಾಗನ ಹೇಳಿದ್ನೆಲ್ರಿ, ನೀರು ನಿಲ್ಲಿಸಿ ಗಾರ್ಡ್ ತೆಗೀರಿ ಅಂತ? ಅವತ್ತ ತೆಗದಿದ್ರ ಕೈಲೆ ಬರತಿತ್ತು. ಇದಕ್ಕ ಈ ಬೇಸಿಗ್ಯಾಗ ಹನಿ ನೀರೂ ಬೇಕಾಗಿದ್ದಿಲ್ಲ."

ಹೇಳಿದ್ದು ನನಗೆ. ಕೇಳಿಸಿಕೊಂಡದ್ದು ನಜ್ಮಾ.

ಗ್ರೈಂಡರ್ ಶುರುವಾಯಿತು. ಕಿಡಿ ಹಾರಿದವು. ಬಳೆ ಕತ್ತರಿಸಿ ಗಾರ್ಡ್ ಬಿಡಿಸಿದರು. ಒಂದು ತುಂಡು ಮಾತ್ರ ತೊಗಟೆಯೊಳಗೇ ಉಳಿಯಿತು. ಕಿತ್ತರೆ ಗಾಯ ದೊಡ್ಡದಾಗುತ್ತದೆ, ಇರಲಿ, ಮೇಲೆ ಬೆಳೆದುಕೊಳ್ಳುತ್ತದೆ ಅಂದರು ಸರ್. ಗಿಡ ಬದುಕುತ್ತದಂತೆ. ಹೊಸ ಸಸಿ ಬೇರೆ ಓಣಿಯಲ್ಲಿ ಕೊಡುತ್ತೇನೆ ಅಂದರು. ಈಗ ಬೇಡ ಅಂದೆ.

ಅವರು ಹೋದ ಮೇಲೆ ನಜ್ಮಾ ಕೇಳಿದರು. ದನಿ ಏರಿಸಲಿಲ್ಲ.

"ಖರೇನ ಬೇಕಾಗಿದ್ದಿಲ್ಲೇನ್ರಿ ನೀರು?"

"ಇಲ್ರಿ."

"ನಿಮಗ ಗೊತ್ತಿತ್ತು?"

"ಗೊತ್ತಿತ್ತು."

"ಟ್ಯಾಂಕರ್ ತರಿಸಿದ ವಾರ ನಮ್ಮ ಮನ್ಯಾಗ ದಿನಾ ಜಳಕ ಇರಲಿಲ್ರಿ ಅಕ್ಕಾರ. ಅರಬಿ ಒಗೀಲಿಲ್ಲ. ಗಿಡ ಒಣಗತೈತಿ ಪಾಪ, ಮೊದ್ಲ ಅದಕ್ಕ ತಗದಿಡೂಣು ಅಂತ ನಾನ ಇವರ ಕೂಡ ಜಗಳ ಮಾಡೇನಿ."

ತಪ್ಪಾತ್ರಿ ಅಂದೆ. ಹೋಗ್ಲಿ ಬಿಡ್ರಿ ಅಂದು ಒಳಗೆ ಹೋದರು. ಬಾಗಿಲು ಪೂರ್ತಿ ಹಾಕಲಿಲ್ಲ. ಚಿಲಕ ಹಾಕದೆ ಮುಂದೆ ಎಳೆದರು. ಮಷಿನ್ ಸಪ್ಪಳ ಬರಲಿಲ್ಲ. ನಾನು ಓಣಿ ದಾಟುವತನಕವೂ ಬರಲಿಲ್ಲ.

ಜುಲೈ 8

ಮಾಡಿದ್ದುಣ್ಣೋ ಮಹಾರಾಯ.

ಜುಲೈ 24, ಗುರುವಾರ

ಬಸ್‌ಸ್ಟಾಪಿಗೆ ಈಗ ಸುತ್ತು ಹಾಕಿ ಹೋಗುತ್ತೇನೆ. ಆ ಓಣಿ ಬೇಡ. ಗ್ರೂಪಿನಲ್ಲಿ ಫೋಟೋಗಳು ಬರುತ್ತವೆ, ತೆರೆಯುವುದಿಲ್ಲ.

ಇವತ್ತು ಟ್ರಂಕಿನಿಂದ ಹೊಲಿಸದ ಬ್ಲೌಸ್ ಪೀಸ್ ತೆಗೆದೆ. ಹೊಲಿಯಲು ಕೊಡುವ ನೆಪದಲ್ಲಿ ಹೋಗಬಹುದಲ್ಲ. ಅಳತೆಗೆ ಒಂದು ಸಲ, ತರಲು ಒಂದು ಸಲ, ಬಿಗಿಯಾಯಿತು ಅಂತ ಇನ್ನೊಂದು ಸಲ. ಚೀಲದಲ್ಲಿ ಹಾಕಿಕೊಂಡು ಕೆಳಗೆ ಇಳಿದೆ. ಗೇಟಿನ ತನಕ ಹೋದೆ.

ಮತ್ತೆ ಅದೇ ಆಟ. ಮೊದಲು ಗಿಡ ಮುಂದಿಟ್ಟುಕೊಂಡೆ, ಈಗ ಬಟ್ಟೆ. ನನಗೇ ಅಸಹ್ಯವಾಯಿತು. ಮೇಲೆ ಬಂದು ಪೀಸ್ ಟ್ರಂಕಿಗೇ ಹಾಕಿದೆ.

ಒಂಟಿ ಇದ್ದೇನೆ. ಬರೆದು ನೋಡಿದೆ, ಹೇಗೆ ಕಾಣುತ್ತದೆ ಅಂತ. ಸಣ್ಣ ಮಾತು. ಇದನ್ನು ಹೇಳಲಾರದೆ ಎಷ್ಟು ಬಕೆಟ್ ನೀರು ಹೊತ್ತೆ.

ಆಗಸ್ಟ್ 3, ಭಾನುವಾರ

ಹೋದೆ.

ಕೈಯಲ್ಲಿ ಏನೂ ಇರಲಿಲ್ಲ. ಕೈ ಎಲ್ಲಿಟ್ಟುಕೊಳ್ಳಬೇಕು ತಿಳಿಯದೆ ಸೆರಗು ಹಿಡಿದುಕೊಂಡೆ. ಗಿಡದ ಕಡೆ ನೋಡಲಿಲ್ಲ, ನೋಡಿದರೆ ಅಲ್ಲಿಯೇ ನಿಂತುಬಿಡುತ್ತೇನೆ ಅಂತ. ಬಾಗಿಲು ತಟ್ಟಿದೆ. ಈ ಬಾಗಿಲು ತಟ್ಟಿದ್ದು ಇದೇ ಮೊದಲು.

ನಜ್ಮಾ ತೆರೆದರು. ಸೂಜಿ ತುಟಿಯಲ್ಲಿತ್ತು, ತೆಗೆದು ಸೆರಗಿಗೆ ಚುಚ್ಚಿಕೊಂಡರು.

"ನೀರೇನ್ರಿ?"

"ಅಲ್ರಿ."

"ಫಾಲ್ ಹಚ್ಚೂದೈತೇನು?"

"ಇಲ್ರಿ."

"ಮತ್ತ?"

ಹಾದಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಹೋಯಿತು. "ಅವತ್ತ ಗಿಡಕ್ಕ ನೀರು ಬೇಕಾಗಿದ್ದಿಲ್ಲ. ನನಗ ಇಲ್ಲಿ ಬರೂದು ಬೇಕಾಗಿತ್ತು. ಇವತ್ತ ಸುಮ್ನ ಬಂದೇನಿ," ಅಂದೆ. ದನಿ ನನ್ನದಲ್ಲದ ಹಾಗೆ ಕೇಳಿಸಿತು.

ಬಾಗಿಲ ಚೌಕಟ್ಟು ಹಿಡಿದುಕೊಂಡೇ ನೋಡಿದರು. ಬಹಳ ಹೊತ್ತು. ತಿರುಗಿ ಹೋಗಬೇಕು ಅನ್ನುವಷ್ಟು ಹೊತ್ತು.

"ಸುಮ್ನ ಬರಾಕ ಮೂರು ವರ್ಷ ಬೇಕಾತೇನ್ರಿ ನಿಮಗ?"

ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡೆ.

"ನನಗ ಸಿಟ್ಟು ಇನ್ನೂ ಐತಿ," ಅಂದರು. ಪಕ್ಕಕ್ಕೆ ಸರಿದರು. "ಒಳಗ ಬರ್ರಿ. ಕೂಡ್ರಿ."

ಮಷಿನ್ ಪಕ್ಕದ ಕುರ್ಚಿಯ ಮೇಲಿನ ಬಟ್ಟೆ ಎತ್ತಿ ಜಾಗ ಮಾಡಿದರು. ಕೂತೆ. ಅವರು ಮತ್ತೆ ಹೊಲಿಯಲು ಕೂತರು. ಸೀರೆಯ ಅಂಚು ಮಷಿನ್ ಕೆಳಗೆ ಸರಿಯುತ್ತಿತ್ತು. ಒಳಗೆ ಕುಕ್ಕರ್ ಕೂಗಿತು. ಎದ್ದರು. ಎರಡು ಹೆಜ್ಜೆ ಇಟ್ಟು, ತಿರುಗದೆಯೇ, "ಎದ್ದು ಹೋಗಬ್ಯಾಡ್ರಿ ಮತ್ತ, ಬಂದೆ," ಅಂದರು.

ಹೋಗಲಿಲ್ಲ. ಕೂತೇ ಇದ್ದೆ. ಆಮೇಲೆ ಅವರು ಬಂದು ಎರಡು ಕಪ್ ಚಾ ನಡುವೆ ಇಟ್ಟು ಎದುರಿಗೆ ಕೂತರು.