ಎಚ್ಚರಿಕೆಯ ಧ್ವನಿ

ಎವರೆಟ್, ಮಾರ್ಚ್ ೯

ಅಪಘಾತ ತನಿಖೆಯ ಮುಖ್ಯಸ್ಥರಾದ ಶ್ರೀ ಬೀಚಮ್ ಅವರಿಗೆ,

ನನ್ನ ಮಗ ಆಂಡರ್ಸ್ ನಡೆಸುತ್ತಿದ್ದ ವಿಮಾನದ ಕೊನೆಯ ಧ್ವನಿಮುದ್ರಣದ ವರದಿಯಿಂದ ಒಂದು ಸಾಲನ್ನು ತೆಗೆಯಲು ನೀವು ಒಪ್ಪಿದ್ದೀರೆಂದು ತಿಳಿಯಿತು. ದಯವಿಟ್ಟು ತೆಗೆಯಬೇಡಿ.

ನೆಲ ಹತ್ತಿರವಾದಾಗ "ಮೇಲೇರಿಸು, ಮೇಲೇರಿಸು" ಎಂದು ಕೂಗುವ ಸಾಧನವನ್ನು ರೂಪಿಸುವುದರಲ್ಲೇ ನನ್ನ ಉದ್ಯೋಗಜೀವನ ಕಳೆಯಿತು. ಅದರಲ್ಲಿರುವ ಧ್ವನಿಯೂ ನನ್ನದೇ. ಆಗ ನಮ್ಮ ವಿಭಾಗದಲ್ಲಿ ಬೇರೆ ಹೆಂಗಸರಿರಲಿಲ್ಲ. ಆಂಡರ್ಸ್‌ನ ಜೊತೆಯ ಪೈಲಟ್‌ಗಳಿಗೆ ಅದೊಂದು ತಮಾಷೆ. ಅಂದೂ ಸಹಪೈಲಟ್ ನಕ್ಕು, "ನಿಮ್ಮಮ್ಮ ಶುರು ಹಚ್ಕೊಂಡ್ರು ನೋಡು" ಎಂದ. "ಸುಮ್ನಿರಮ್ಮಾ, ಗೊತ್ತು ನಂಗೆ" ಎಂದು ಆಂಡರ್ಸ್ ನನ್ನ ಬಾಯಿ ಮುಚ್ಚಿಸುವ ಗುಂಡಿ ಒತ್ತಿದ. ಮೋಡದ ಹಿಂದೆ ಗುಡ್ಡವಿತ್ತು.

ಸೊಸೆ ಗ್ವೆನ್ ನಿನ್ನೆ ಬಂದು ಅತ್ತಳು. "ಅತ್ತೆ, ವರದಿಯಿಂದ ಅವರ ಆ ಮಾತು ಹೋಗ್ಲಿ ಬಿಡಿ. ಸತ್ತವರ ಮನೆಯವರು ಅದನ್ನ ಓದಿದ್ರೆ ನನ್ನ ಮಕ್ಕಳು ಶಾಲೆಗೆ ಹೋಗೋದು ಹೇಗೆ?" ಆಗದು ಎಂದೆ. ಇನ್ನು ಮೊಮ್ಮಕ್ಕಳನ್ನು ಅವಳು ನನ್ನ ಬಳಿ ಕಳಿಸುವುದಿಲ್ಲವಂತೆ.

ಆ ಸಾಲು ಹೋದರೆ, ಸಾಧನ ಕೂಗಿದರೂ ಪೈಲಟ್ ಏಕೆ ಕೇಳಲಿಲ್ಲ ಎಂಬುದು ಯಾರಿಗೂ ತಿಳಿಯದು. ಸಣ್ಣಪುಟ್ಟದಕ್ಕೆಲ್ಲ ಕೂಗುವ ಎಚ್ಚರಿಕೆಗೆ ಕಿವಿ ಕಿವುಡಾಗುತ್ತದೆ; ನಮ್ಮ ವೃತ್ತಿಯ ಮೊದಲ ಪಾಠವಿದು. ಮರ ಹತ್ತಬೇಡ, ಹೊಳೆಗಿಳಿಯಬೇಡ, ಕಾರು ಜೋರಾಗಿ ಓಡಿಸಬೇಡ ಎಂದು ಮನೆಯಲ್ಲೂ ಅವನಿಗೆ ಇದೇ ಧ್ವನಿ ಕೂಗುತ್ತಿತ್ತು. ಆದ್ದರಿಂದ ಅಪಘಾತದ ಕಾರಣಗಳ ಜೊತೆಗೆ ಇದನ್ನೂ ಬರೆಯಿರಿ: ಈ ಧ್ವನಿಯನ್ನು ಅಲಕ್ಷಿಸುವುದು ಪೈಲಟ್‌ಗೆ ಬಾಲ್ಯದಿಂದಲೇ ರೂಢಿಯಾಗಿತ್ತು.

ತಿದ್ದುಪಡಿಯ ನಿರೀಕ್ಷೆಯಲ್ಲಿ,
ಮಾರಿಟ್ ಸಾಂಡ್ವಿಕ್