ಪಿಳ್ಳಣ್ಣ ಪಡೆದ ಬಾಹ್ಯಾಕಾಶ ತರಬೇತಿ

ವಿಶ್ವವಿದ್ಯಾಲಯದ ಮಕ್ಕಳ ಬಾಹ್ಯಾಕಾಶ ತರಬೇತಿಗೆ ಅನುದಾನ ಹಂಚುವ ಮಾನ್ಯ ನಿರ್ದೇಶಕರೇ,

ನಿಮ್ಮ ಪ್ರಾಯೋಗಿಕ ತರಬೇತಿ ಪಡೆದ ನನ್ನ ಮಗಳು ಇದುವರೆಗೆ ನಿಮ್ಮ ಉಪಕರಣದ ಒಂದು ಸ್ಕ್ರೂ ಕೂಡ ಬಿಚ್ಚಿಲ್ಲ. ನಮ್ಮ ಪಕ್ಕದ ಮನೆಯ ಪಿಳ್ಳಣ್ಣ ಬಿಚ್ಚಿದ್ದಾನೆ. ಈ ಪತ್ರ ಬರೆಯಲು ಅದೇ ಕಾರಣ.

ನಾನು ನಲ್ಲೂರಿನ ಶಾಲೆಯಲ್ಲಿ ಒಂದನೇ ತರಗತಿಯ ಮೇಡಂ. ಮಕ್ಕಳ ಬೆರಳು ಹಿಡಿದು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತೇನೆ. ದೂರ ನಿಂತು ನೋಡಿಕೊಂಡೇ ಕಲಿಯಿರಿ ಎಂದರೆ ಯಾವ ಮಗು ಕಲಿತೀತು? ಆದರೆ ಎಂ.ಎಸ್ಸಿ. ಭೌತಶಾಸ್ತ್ರ ಓದುವ ನನ್ನ ಮಗಳು ನಳಿನಾಕ್ಷಿಗೆ ಕಲಿಸಲು ನಿಮ್ಮ ಇಲಾಖೆಗೆ ಇದಕ್ಕಿಂತ ಘನವಾದ ವಿಧಾನ ತಿಳಿದಿದೆ. ಕಳೆದ ಡಿಸೆಂಬರಿನಲ್ಲಿ ಅವಳನ್ನೂ ಅವಳ ಸಹಪಾಠಿಗಳನ್ನೂ ಬಸ್ಸಿನಲ್ಲಿ ಹೊಸಕೋಟೆಯ ಮೈದಾನಕ್ಕೆ ಕರೆತಂದಿರಿ. ಶಾಮಿಯಾನ, ಶಾಲು, ಹಾರ, ಗಣ್ಯರ ಭಾಷಣ ಎಲ್ಲವೂ ಇತ್ತು. ಮೇಲಿನ ಗಾಳಿಯ ಉಷ್ಣತೆ, ಒತ್ತಡ ಅಳೆಯುವ ಉಪಕರಣವನ್ನು ಬಲೂನಿಗೆ ಕಟ್ಟಿ ಹಾರಿಸುವ ಕಾರ್ಯಕ್ರಮವಂತೆ. ಕಟ್ಟಿದವರು ನಿಮ್ಮ ಸಿಬ್ಬಂದಿ. ಹಗ್ಗದಾಚೆ ಕೂತು ಚಪ್ಪಾಳೆ ತಟ್ಟಿದವರು ವಿದ್ಯಾರ್ಥಿಗಳು. ಚಪ್ಪಾಳೆಗೂ ಕೈ ಬೇಕಲ್ಲವೇ, ಅದನ್ನೇ ಪ್ರಾಯೋಗಿಕ ತರಬೇತಿ ಎಂದು ವರದಿ ಕಳಿಸಿದಿರೋ ಏನೋ! ಮಕ್ಕಳು ಒಮ್ಮೆ ಮುಟ್ಟಿ ನೋಡಬಹುದೇ ಎಂದು ಅವರ ಮೇಷ್ಟ್ರು ಕೇಳಿದ್ದಕ್ಕೆ, ಇರುವುದು ಒಂದೇ ಉಪಕರಣ, ಬಿಚ್ಚಿ ಕಲಿಯಲು ಇನ್ನೊಂದನ್ನು ಕೊಳ್ಳಲು ಅನುದಾನವಿಲ್ಲ ಎಂಬ ಉತ್ತರ ಬಂತು. ಶಾಮಿಯಾನಕ್ಕೆ ಮಾತ್ರ ಇತ್ತು, ಪಾಪ.

ಬಲೂನು ಮಾತ್ರ ನಿಮ್ಮ ಹಗ್ಗಕ್ಕೆ ಮರ್ಯಾದೆ ಕೊಡಲಿಲ್ಲ. ಮೇಲೆ ಹೋಗಿ ಒಡೆದು, ಉಪಕರಣದ ಪೆಟ್ಟಿಗೆ ಅದೇ ಸಂಜೆ ನಮ್ಮೂರ ಹುಣಸೆ ತೋಪಿನ ಪಕ್ಕ, ಅಶ್ವತ್ಥಮ್ಮನವರ ಹುರುಳಿ ಹೊಲಕ್ಕೆ ಬಂದು ಬಿತ್ತು. ಮೇಲಿಂದ ಇಳಿದು ಬಂದದ್ದೆಂದು ಅಶ್ವತ್ಥಮ್ಮನವರು ಅರಿಶಿನ ಕುಂಕುಮ ಇಟ್ಟರು. ಅವರ ಮಗ ಪಿಳ್ಳಣ್ಣ ಸ್ಕ್ರೂ ಬಿಚ್ಚಿ, ಬ್ಯಾಟರಿ ಕಿತ್ತು, ತನ್ನ ರೇಡಿಯೊಗೆ ಆಗುತ್ತದೆಯೇ ಎಂದು ಹಾಕಿ ನೋಡಿ, ಆಗದೆ ಇದ್ದ ಜಾಗಕ್ಕೇ ತುರುಕಿದ. ಎದುರು ಮನೆಯ ರಾಮಾಂಜಿನಪ್ಪ ಅದರ ದಾರ ಕರು ಕಟ್ಟಲು ಆದೀತೇ ಎಂದು ಎಳೆದೆಳೆದು ನೋಡಿದ. ಊರಿನಲ್ಲಿ ಅದನ್ನು ಮುಟ್ಟದವರೇ ಇಲ್ಲ, ನನ್ನ ಮಗಳೊಬ್ಬಳನ್ನು ಬಿಟ್ಟು. ಕಾರ್ಯಕ್ರಮ ಮುಗಿಸಿ ಮನೆಗೆ ಬಂದಿದ್ದ ಅವಳು ಬದುವಿನ ಮೇಲೆ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದಳು.

“ಹೋಗೇ, ನೀನೂ ಮುಟ್ಟಿ ನೋಡು. ಅಲ್ಲಂತೂ ಬಿಡ್ಲಿಲ್ಲ,” ಅಂದೆ.

“ಬೇಡಮ್ಮ. ಮುಟ್ಟಬಾರ್ದು ಅಂತ ಹೇಳಿದಾರೆ.”

ಹೇಳಿದವರು ಅಲ್ಲಿರಲಿಲ್ಲ, ಹಗ್ಗವೂ ಇರಲಿಲ್ಲ. ಆರು ವರ್ಷಕ್ಕೇ ನನ್ನ ಅಲಾರಂ ಗಡಿಯಾರ ಬಿಚ್ಚಿ ಒದೆ ತಿಂದವಳು ಇವಳೇನಾ ಅನ್ನಿಸಿತು. ನೀವು ಕಲಿಸಿದ ಒಂದೇ ಪಾಠವನ್ನು ಅವಳು ಎಷ್ಟು ಚೆನ್ನಾಗಿ ಕಲಿತಿದ್ದಾಳೆ, ನೋಡಿ.

ಮಾರನೆಯ ದಿನ ಜೀಪಿನಲ್ಲಿ ಬಂದು ಪಿಳ್ಳಣ್ಣನ ಕೈಯಿಂದ ಪೆಟ್ಟಿಗೆ ಪಡೆದು ಒಯ್ದಿರಿ. ಆಮೇಲೆ ಪಿಳ್ಳಣ್ಣನಿಗೆ ಅಂಚೆಯಲ್ಲಿ ಪ್ರಶಂಸಾ ಪತ್ರ ಬಂತು: ‘ವೈಜ್ಞಾನಿಕ ಉಪಕರಣವನ್ನು ಜವಾಬ್ದಾರಿಯಿಂದ ನಿರ್ವಹಿಸಿದ್ದಕ್ಕಾಗಿ’. ಅವನು ಅದಕ್ಕೆ ಕಟ್ಟು ಹಾಕಿಸಿ ದೇವರ ಪಟದ ಪಕ್ಕ ತೂಗುಹಾಕಿದ್ದಾನೆ. ಅವನ ಮೇಲೆ ನನಗೆ ಸಿಟ್ಟಿಲ್ಲ.

ಹೋದ ತಿಂಗಳು ನಳಿನಾಕ್ಷಿ ಸಂಶೋಧನೆಯ ಸೀಟಿಗೆಂದು ಸಂದರ್ಶನಕ್ಕೆ ಹೋಗಿದ್ದಳು. ಯಾವ ಉಪಕರಣದಲ್ಲಿ ಸ್ವತಃ ಕೆಲಸ ಮಾಡಿದ್ದೀಯಮ್ಮಾ ಎಂದು ಕೇಳಿದರಂತೆ. “ನೋಡಿದೀನಿ ಸರ್,” ಅಂದಳಂತೆ. ಅನುಭವ ಸಾಲದೆಂದು ಸೀಟು ಕೊಡಲಿಲ್ಲ. ಜೂನಿನಲ್ಲಿ ಇನ್ನೊಂದು ಸಂದರ್ಶನವಿದೆ. ಅದೂ ತಪ್ಪಿದರೆ ಈ ವಿಜ್ಞಾನದ ಸಹವಾಸವೇ ಬೇಡ ಅನ್ನುತ್ತಿದ್ದಾಳೆ. ಅಲ್ಲಿ ಪಿಳ್ಳಣ್ಣನ ಪ್ರಶಂಸಾ ಪತ್ರ ತೋರಿಸಿದರೆ ನಡೆಯುತ್ತದೆಯೇ, ದಯವಿಟ್ಟು ತಿಳಿಸಿ.

ನಡೆಯದಿದ್ದರೆ ಜೂನಿಗೆ ಮುಂಚೆ ಈ ಮಕ್ಕಳು ಬಿಚ್ಚಿ, ಕೆಡಿಸಿ, ಮತ್ತೆ ಕಟ್ಟಿ ಕಲಿಯುವಂಥ ಉಪಕರಣಕ್ಕೆ ಅನುದಾನ ಕೊಡಿ. ಅದೂ ಆಗದೆಂದರೆ ಮುಂದಿನ ಬಲೂನನ್ನೂ ನಮ್ಮೂರ ಕಡೆಗೇ ಬಿಡಿ. ಈ ಸಲ ಅವಳ ಬೆರಳು ಹಿಡಿದು ನಾನೇ ಮುಟ್ಟಿಸುತ್ತೇನೆ. ಒಂದನೇ ತರಗತಿಗೆ ದಿನವೂ ಮಾಡುವ ಕೆಲಸವೇ ಅದು.

ಇಂತಿ,
ಪ್ರಶಂಸಾ ಪತ್ರ ಪಡೆದ ಪಿಳ್ಳಣ್ಣನ ಪಕ್ಕದ ಮನೆಯ
ಗಂಗಲಕ್ಷ್ಮಮ್ಮ
ನಲ್ಲೂರು, ಏಪ್ರಿಲ್ ೧೯೯೪